ಬರುವವರ ಮಣೆ

ಹೊಳೆ ಎರಡು ವರ್ಷ ಹರಿಯದೆ ನಿಂತಿದ್ದ ಕಾಲದಲ್ಲಿ ಇದು ನಡೆದದ್ದು. ಆಗ ಯಾವ ರಾಜ ಆಳುತ್ತಿದ್ದ ಅಂತ ಕೇಳಿದರೆ ಹೇಳುವವರು ಯಾರೂ ಇಲ್ಲ.

ಹೊಳೆಯ ತಿರುವಿನಲ್ಲಿ ಒಂದು ಊರಿತ್ತಂತೆ. ಕಲ್ಮಡು ಅಂತ ಹೆಸರು. ಊರಿನವರೆಲ್ಲ ಬೆಸ್ತರು. ಹೊಲ ಇಲ್ಲ, ದನ ಇಲ್ಲ. ಹರಿಗೋಲು, ಬಲೆ, ಎರಡು ಕೈ, ಇಷ್ಟೇ ಆಸ್ತಿ. ಮೀನು ಹಿಡಿಯುವುದು, ಆಚೆ ಊರಿಗೆ ಹೊತ್ತುಕೊಂಡು ಹೋಗಿ ಜೋಳ ತರುವುದು, ಉಣ್ಣುವುದು. ಹೀಗೆ ನಡೆಯುತ್ತಿತ್ತು.

ಊರಿನ ಕೆಳಗೆ ಹೊಳೆಯಲ್ಲಿ ಒಂದು ಮಡು ಇತ್ತು. ಬೇಸಿಗೆಯಲ್ಲಿ ಹೊಳೆಯೆಲ್ಲ ಬತ್ತಿ ಮರಳಾದರೂ ಆ ಮಡುವಿನಲ್ಲಿ ನೀರು ನಿಂತಿರುತ್ತಿತ್ತಂತೆ. ಹೊಳೆ ಇಳಿಯುವಾಗ ಮೀನುಗಳು ಅಲ್ಲಿ ಬಂದು ಸೇರುತ್ತಿದ್ದವು. ಹೊಸ ನೀರು ಬಂದಾಗ ಹೊರಬಿದ್ದು, ಮೇಲಕ್ಕೆ ಈಜಿ ಮೊಟ್ಟೆ ಇಡುತ್ತಿದ್ದವು. ಆ ಮೊಟ್ಟೆಯ ಮರಿಗಳೇ ಮುಂದಿನ ವರ್ಷದ ಮೀನು. ಅದಕ್ಕೇ ಮಡುವಿಗೆ ಬಲೆ ಹಾಕುವಂತಿರಲಿಲ್ಲ. ಹಾಕಿದವನ ಹರಿಗೋಲಿನ ತಳ ಹರಿದು ಊರ ಮುಂದೆ ಬೋರಲು ಹಾಕುತ್ತಿದ್ದರು.

ಆ ಊರಿನಲ್ಲಿ ಇನ್ನೊಂದು ಕಟ್ಟು ಇತ್ತು. ಪಂಚಾಯ್ತಿ ಸೇರಿದಾಗ ಯಜಮಾನನ ಬಲಕ್ಕೆ ಒಂದು ಮಣೆ ಹಾಕುತ್ತಿದ್ದರು. ಅದಕ್ಕೆ ಬರುವವರ ಮಣೆ ಅಂತ ಹೆಸರು. ಬರುವವರು ಅಂದರೆ ಇನ್ನೂ ಹುಟ್ಟದವರು. ಊರಿನಲ್ಲಿ ಬಸುರಿ ಯಾರಿದ್ದಾಳೋ ಅವಳು ಆ ಮಣೆಯ ಮೇಲೆ ಕೂತು, ಹುಟ್ಟದವರ ಪರವಾಗಿ ಮಾತಾಡಬೇಕು. ಇಬ್ಬರು ಮೂವರು ಬಸುರಿಯರಿದ್ದರೆ ದಿನ ಹತ್ತಿರವಾದವಳು ಕೂರಬೇಕು. ಕೂತವಳನ್ನು ಹೆಸರು ಹಿಡಿದು ಕರೆಯುವಂತಿಲ್ಲ. ಬರುವವರೇ ಅನ್ನಬೇಕು, ನೀವು ಅನ್ನಬೇಕು. ಗಂಡನೂ ಹಾಗೇ, ಅತ್ತೆಯೂ ಹಾಗೇ. ಅವಳೂ ನಾನು ಅನ್ನುವಂತಿಲ್ಲ, ನಾವು ಅನ್ನಬೇಕು. ಮಡುವಿನ ವಿಷಯದಲ್ಲಿ ಮಣೆ ಬೇಡ ಅಂದರೆ ಮುಗಿಯಿತು, ಯಜಮಾನನೂ ಮೀರುವಂತಿಲ್ಲ.

ಅತ್ತೆಯ ಬಾಯಲ್ಲಿ ನೀವು ಅನ್ನಿಸಿಕೊಳ್ಳಬೇಕಾದರೆ ಬಸುರಾಗಬೇಕು ಅಂತ ಊರಿನ ಹೆಂಗಸರು ನಗುತ್ತಿದ್ದರಂತೆ. ಹೊಳೆ ಹರಿಯುತ್ತಿದ್ದ ವರ್ಷಗಳಲ್ಲಿ ಮಣೆಗೆ ಅಂಥ ಕೆಲಸವೂ ಇರಲಿಲ್ಲ. ಮಡುವಿಗೆ ಬಲೆ ಹಾಕೋಣವೇ ಅಂತ ಯಜಮಾನ ವರ್ಷಕ್ಕೊಮ್ಮೆ ಕೇಳುವುದು, ಬೇಡ ಅನ್ನುವುದು, ಎಲೆ ಅಡಿಕೆ ಹಾಕಿಕೊಂಡು ಏಳುವುದು.

ಆಮೇಲೆ ಒಂದು ವರ್ಷ ಹೊಳೆ ಬರಲಿಲ್ಲ. ಸಣ್ಣ ಗುಂಡಿಗಳ ಮೀನು ತಿಂದು ಕಾಲ ತಳ್ಳಿದರು. ಎರಡನೆಯ ವರ್ಷವೂ ಬರಲಿಲ್ಲ. ಗುಂಡಿಗಳು ಒಣಗಿದವು. ಆಚೆ ಊರಿನವರು ಮೀನು ತಂದರೆ ಜೋಳ ಅಂದರು. ಮೀನು ಇಲ್ಲ, ಜೋಳವೂ ಇಲ್ಲ. ಜೊಂಡಿನ ಗಡ್ಡೆ ಅಗೆದು ತಿಂದರು. ಹುಣಸೆ ಬೀಜ ಹುರಿದು, ಕುಟ್ಟಿ, ಗಂಜಿ ಕಾಯಿಸಿದರು. ಊರಿಗೆಲ್ಲ ಉಳಿದ ನೀರು ಮಡುವಿನದು, ಉಳಿದ ಮೀನೂ ಮಡುವಿನದು.

ಆ ವರ್ಷ ಊರಿನಲ್ಲಿ ಬಸುರಿ ಇದ್ದವಳು ಒಬ್ಬಳೇ, ಹುಲಿಗೆವ್ವ. ಗಂಡ ಮೈಲಾರಪ್ಪ, ಬಲೆ ಎಳೆಯುವುದರಲ್ಲಿ ಗಟ್ಟಿಗ. ಅತ್ತೆ ನಿಂಗವ್ವ, ಬಾಯಿ ಜೋರು. ದುರುಗಿ ಅಂತ ಒಬ್ಬ ಮಗಳು, ಆಗಷ್ಟೇ ಓಡಾಡಲು ಕಲಿತವಳು. ಹುಲಿಗೆವ್ವನಿಗೆ ಹಾಲು ಬತ್ತಿತ್ತು. ಓಡಾಡುತ್ತಿದ್ದ ಮಗು ಮೊದಲು ಕೂತಿತು, ಆಮೇಲೆ ಅಜ್ಜಿಯ ಮಡಿಲಲ್ಲಿ ಮಲಗಿತು.

ಪಂಚಾಯ್ತಿ ಸೇರಿತು. ಯಜಮಾನ ಅಂಬಣ್ಣ, ವಯಸ್ಸಾದವನು, ಮಣೆ ಹಾಕಿಸಿದ. ಹುಲಿಗೆವ್ವ ಬಂದು ಕೂತಳು. ದ್ಯಾವಣ್ಣ ಅನ್ನುವವನು ಎದ್ದು, ಹುಡುಗರ ಪರವಾಗಿ ಕೇಳಿದನಂತೆ. ಮಡುವಿಗೆ ಬಲೆ ಹಾಕಬೇಕು, ಬೇರೆ ದಾರಿ ಇಲ್ಲ ಅಂದ.

ಯಜಮಾನ ಮಣೆಯ ಕಡೆ ತಿರುಗಿದ. ಬರುವವರೇ, ಏನು ಹೇಳುತ್ತೀರಿ ಅಂದ.

“ಬೇಡ,” ಅಂದಳು ಹುಲಿಗೆವ್ವ. “ನಾವು ಬಂದಾಗ ಹೊಳೆಯಲ್ಲಿ ಏನಾದರೂ ಇರಬೇಕು.”

ಯಾರೂ ಎದುರಾಡಲಿಲ್ಲ. ಅವಳ ಮೊದಲು ಕೂತವರೆಲ್ಲ ಅದನ್ನೇ ಹೇಳಿದ್ದರು. ಅವಳು ಮನೆಗೆ ಹೋಗಿ ಮಗಳ ಬಾಯಿಗೆ ಹುಣಸೆ ಬೀಜದ ಗಂಜಿ ಹಾಕಿದಳು. ಮಗು ಉಗುಳಿತು.

ಆ ತಿಂಗಳು ಊರಿನಲ್ಲಿ ಎರಡು ಕೂಸು ತೀರಿಕೊಂಡವು.

ಪಂಚಾಯ್ತಿ ಎರಡನೆಯ ಸಲ ಸೇರಿತು. ಈ ಸಲ ಎದ್ದವನು ದ್ಯಾವಣ್ಣನಲ್ಲ, ಮೈಲಾರಪ್ಪ. ಮನೆಯಲ್ಲಿ ಹೆಂಡತಿಯನ್ನು ಏನೇ, ಬಾರೇ ಅನ್ನುವವನು ಅಲ್ಲಿ ಕೈ ಕಟ್ಟಿ ನಿಂತನಂತೆ.

“ಬರುವವರೇ, ಒಂದು ಮಾತು ಕೇಳ್ಬೇಕು. ದುರುಗಿ ಇವತ್ತು ಕಣ್ಣು ತೆಗೀಲಿಲ್ಲ. ಅವಳು ಹೋಗ್ತಾಳೆ. ಅವಳ ಹಿಂದೆ ನಿಮ್ಮನ್ನ ಹೊತ್ತವಳೂ ಹೋಗ್ತಾಳೆ. ಆಮೇಲೆ ನೀವು ಬರೋದು ಯಾರ ಹೊಟ್ಟೇಲಿ?”

ಆ ಪ್ರಶ್ನೆಯನ್ನು ಆ ಮಣೆಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಬೇಡ ಅಂದರೆ ಮಗಳು ಸಾಯುತ್ತಾಳೆ. ಆಗಲಿ ಅಂದರೆ ಹೊಳೆ ಸಾಯುತ್ತದೆ. ಕೊನೆಗೆ ಹುಲಿಗೆವ್ವ, ನಾಳೆ ಹೇಳುತ್ತೇವೆ ಅಂದಳು. ಯಜಮಾನ ಒಪ್ಪಿದ.

ಮರುದಿನ ಮಧ್ಯಾಹ್ನ ಅವಳು ನೀರಿಗೆ ಅಂತ ಮಡುವಿಗೆ ಹೋದಳಂತೆ. ನೀರು ಅರ್ಧಕ್ಕೆ ಇಳಿದಿತ್ತು. ಬಂಡೆಗಳ ಮೇಲೆ ಹಳೆಯ ನೀರಿನ ಗೆರೆ ಅವಳ ತಲೆಗಿಂತ ಎತ್ತರದಲ್ಲಿ ಕಾಣುತ್ತಿತ್ತು. ಗಡಿಗೆ ಅದ್ದಬೇಕು, ಅಷ್ಟರಲ್ಲಿ ನೀರು ಅಲುಗಾಡಿ ಒಂದು ಮೀನು ಮೇಲೆ ಬಂತು. ಮನುಷ್ಯನಷ್ಟು ಉದ್ದ. ಮೈ ತುಂಬ ಪಾಚಿ. ಮೂಗಿನಲ್ಲಿ ಬಂಗಾರದ ಮೂಗುತಿ. ಯಾವ ಕಾಲದ ಯಾವ ಮುತ್ತಜ್ಜಿ ಹರಕೆ ಹೊತ್ತು ಚುಚ್ಚಿಸಿದ್ದೋ ಏನೋ.

“ಹುಲಿಗೆವ್ವ, ನೀರು ನೋಡಿದೆಯಾ?” ಅಂದಿತಂತೆ ಮೀನು.

ನೋಡಿದೆ ಅಂದಳು.

“ಕೆಳಗೆ ಮೊಟ್ಟೆ ಹೊತ್ತವರು ಉಸಿರು ಸಾಲದೆ ಬಾಯಿ ತೆರೆಯುತ್ತಿದ್ದಾರೆ. ಮೇಲೆ ನಾವು ಮುದುಕಿಯರು ಇದ್ದೇವೆ. ನಮ್ಮ ಮೊಟ್ಟೆ ಎಂದೋ ನಿಂತಿತು. ಮೈ ದೊಡ್ಡದು, ಹಾಗಾಗಿ ನೀರೂ ನಮಗೇ ಹೆಚ್ಚು ಬೇಕು. ನಾವು ಇದ್ದರೆ ಅವರು ಉಳಿಯುವುದಿಲ್ಲ. ನಾಳೆ ಬೆಳಿಗ್ಗೆ ನಾವೇ ದಡಕ್ಕೆ ಬರುತ್ತೇವೆ. ಬಲೆ ಬೇಡ, ಬುಟ್ಟಿ ತನ್ನಿ.”

ಹುಲಿಗೆವ್ವನಿಗೆ ಮೊದಲು ಸಮಾಧಾನವಾಯಿತು. ದುರುಗಿಗೆ ಮೀನಿನ ಸಾರು ಕುಡಿಸಬಹುದು ಅನ್ನಿಸಿತು. ಆಮೇಲೆ ಕೇಳಿದಳು, ಊರಿಗೆಲ್ಲ ಸಾಕಾಗುವಷ್ಟು ಇದ್ದೀರಾ ಅಂತ.

“ಇಲ್ಲ. ಊರೆಲ್ಲ ಉಂಡರೆ ಹುಣ್ಣಿಮೆ ತನಕ ಸಾಲದು. ಆಮೇಲೆ ನೀವು ಕೆಳಗಿನವರಿಗೆ ಬಲೆ ಹಾಕುತ್ತೀರಿ. ನಿಮ್ಮ ಬಾಯಿ ನನಗೆ ಗೊತ್ತು.”

“ಹಾಗಾದರೆ ಯಾರು ಉಣ್ಣಬೇಕು?”

“ನಮ್ಮಲ್ಲಿ ಯಾರು ಹೋಗಬೇಕು ಅಂತ ನಾವು ನೋಡಿಕೊಂಡೆವು,” ಅಂದಿತು ಮೀನು. “ನಿಮ್ಮದು ನೀವು ನೋಡಿಕೊಳ್ಳಿ.” ಅಷ್ಟು ಹೇಳಿ ಮುಳುಗಿತು.

ಹುಲಿಗೆವ್ವ ಕಾದ ಬಂಡೆಯ ಮೇಲೆ ಕೂತಳು. ಮೀನು ಏನು ಹೇಳಿತು ಅಂತ ಅವಳಿಗೆ ತಿಳಿಯಿತು. ತಿಳಿಯದೆ ಇದ್ದಿದ್ದರೆ ಚೆನ್ನಾಗಿತ್ತು ಅಂದುಕೊಂಡಳಂತೆ. ಖಾಲಿ ಗಡಿಗೆ ಹೊತ್ತು ಮನೆಗೆ ಬಂದಳು.

ನೀರಿಗೆ ಹೋದವಳು ಬಿಸಿಲು ಹೊತ್ತು ತಂದೆಯಾ ಅಂದಳು ನಿಂಗವ್ವ. ದುರುಗಿ ಅವಳ ಮಡಿಲಲ್ಲಿತ್ತು. ಹುಲಿಗೆವ್ವ ಅತ್ತೆಯ ಎದುರು ಕೂತು, ಮೀನು ಹೇಳಿದ್ದನ್ನೆಲ್ಲ ಹೇಳಿದಳು. ನಿಂಗವ್ವ ಮಗುವಿನ ತಲೆ ಸವರುತ್ತ ಕೇಳಿದಳು. ಕೇಳಿ ಆದ ಮೇಲೂ ಸವರುತ್ತಲೇ ಇದ್ದಳು.

“ನಾನು ಹೇಳಲ್ಲ ಅತ್ತೆ,” ಅಂದಳು ಹುಲಿಗೆವ್ವ. “ನನ್ನ ಕೈಲಿ ಆಗಲ್ಲ.”

“ನೀನು ಹೇಳಬ್ಯಾಡ,” ಅಂದಳು ನಿಂಗವ್ವ. “ನಿನ್ನ ಮಾತು ಯಾವಳು ಕೇಳ್ತಾಳೆ? ಬರುವವರು ಹೇಳ್ಲಿ.”

ಸಂಜೆ ಪಂಚಾಯ್ತಿ ಮೂರನೆಯ ಸಲ ಸೇರಿತು. ಹುಲಿಗೆವ್ವ ಮಣೆಯ ಮೇಲೆ ಕೂತು ಹೇಳಿದಳು. ಮಡುವಿನ ಮುದಿ ಮೀನುಗಳು ತಾವಾಗಿ ಬರುತ್ತವೆ, ಅವನ್ನು ಮಾತ್ರ ತೆಗೆಯಬೇಕು. ಕೆಳಗಿನ ಮೀನಿಗೆ ಕೈ ಹಚ್ಚಬಾರದು. ತೆಗೆದ ಮೀನನ್ನು ಸೀಳಿ ಒಣಗಿಸಿ ಇಡಬೇಕು, ದಿನಕ್ಕೆ ಇಷ್ಟು ಅಂತ ಹಂಚಬೇಕು. ಮಕ್ಕಳಿಗೆ, ಹಡೆಯುವ ವಯಸ್ಸಿನವರಿಗೆ, ಹೊಳೆ ಬಂದಾಗ ಬಲೆ ಎಳೆಯುವವರಿಗೆ.

ಅಷ್ಟು ಹೇಳಿ ನಿಲ್ಲಿಸಿದಳು. ಉಳಿದವರು ಯಾರು ಅಂತ ಎಲ್ಲರಿಗೂ ಗೊತ್ತಾಯಿತು. ಉಳಿದವರು ಒಂದು ಕಡೆ ಕೂತಿದ್ದರು, ಬೆನ್ನಿಗೆ ಗೋಡೆ ಆಸರೆ ಕೊಟ್ಟು.

ಅವರಲ್ಲಿ ಒಬ್ಬಳು ಎದ್ದಳು. ದ್ಯಾವಣ್ಣನ ತಾಯಿ ಕೆಂಚವ್ವ.

“ಬರುವವರೇ, ಆ ಮಣೆ ಮೇಲೆ ನಾನೂ ಕೂತಿದ್ದೆ,” ಅಂದಳಂತೆ. “ಬಸುರಾದಾಗೆಲ್ಲ ಕೂತಿದ್ದೆ. ಕೂತಾಗೆಲ್ಲ ಬ್ಯಾಡ ಅಂದಿದ್ದೆ. ನಾನು ಬ್ಯಾಡ ಅಂದಿದ್ದಕ್ಕೇ ಇವತ್ತು ಆ ಮಡುವಿನಾಗೆ ಮೀನು ಐತೆ. ಈಗ ನಂಗೆ ಹಸಿವು. ಹುಟ್ಟದೋರಿಗೆ ಮಣೆ ಹಾಕೀರಿ. ಹುಟ್ಟಿದೋಳಿಗೆ ಮಣೆ ಎಲ್ಲೈತೆ?”

ದ್ಯಾವಣ್ಣ ತಾಯಿಯ ಪಕ್ಕಕ್ಕೆ ಬಂದು ನಿಂತ. ಕಟ್ಟು ಮೀರಿ ಹೆಸರು ಹಿಡಿದೇ ಕೇಳಿದ.

“ಹುಲಿಗೆವ್ವ, ಇದು ಬರುವವರ ಮಾತೋ, ದುರುಗಿ ತಾಯಿ ಮಾತೋ?”

ಅದು ಹುಲಿಗೆವ್ವನಿಗೂ ಗೊತ್ತಿರಲಿಲ್ಲವಂತೆ.

ಉತ್ತರ ಕೊಟ್ಟವಳು ನಿಂಗವ್ವ. “ಯಾಕೋ ದ್ಯಾವಣ್ಣ, ನಿನ್ನ ಕಣ್ಣಿಗೆ ನಾನು ಹರೇದ ಹುಡುಗಿ ಹಂಗೆ ಕಾಣ್ತೀನೇನೋ? ಅವಳ ಮಾತಿಗೆ ಮೊದಲು ಖಾಲಿ ಆಗೋದು ಅವಳ ಮನೆ ಜಗಲಿ.”

ಗೋಡೆಯ ಪಕ್ಕದ ಮುದುಕರು ನಕ್ಕರು. ಆ ವರ್ಷ ಆ ಊರಿನಲ್ಲಿ ನಗು ಕೇಳಿದ್ದು ಅದೇ ಕೊನೆ. ದ್ಯಾವಣ್ಣ ಕೂತ. ಮಾತು ನಿಂತಿತು. ಮಣೆಯ ಮಾತೇ ಆಯಿತು.

ಮರುದಿನ ಬೆಳಿಗ್ಗೆ ಮುದಿ ಮೀನುಗಳು ದಡಕ್ಕೆ ಬಂದವು. ಓಡಲಿಲ್ಲ, ಬಾಲ ಬಡಿಯಲಿಲ್ಲ. ಒಂದೊಂದನ್ನೂ ಕೂಸನ್ನು ಎತ್ತುವ ಹಾಗೆ ಎತ್ತಿ ಬುಟ್ಟಿಗೆ ಇಟ್ಟರಂತೆ. ಮೂಗುತಿಯ ಮೀನು ಕೊನೆಗೆ ಬಂತು. ಅದರ ಮೂಗುತಿಯನ್ನು ಬಿಚ್ಚಿ ಮಡುವಿಗೆ ಹಾಕಿದರು. ಕೆಳಗಿನ ಮೀನುಗಳಿಗೆ ನೀರು ಸಾಲುವಂತಾಯಿತು.

ಊರಿನಲ್ಲಿ ಮತ್ತೆ ಮೀನು ಬೇಯುವ ವಾಸನೆ ಎದ್ದಿತು. ಮೂರನೆಯ ದಿನ ದುರುಗಿ ಕಣ್ಣು ತೆರೆಯಿತು. ಐದನೆಯ ದಿನ ಅಜ್ಜಿಯ ಸೆರಗು ಹಿಡಿದು ಎದ್ದು ನಿಂತಿತು.

ಒಲೆ ಹೊತ್ತಿಸುವ ಹೊತ್ತಿಗೆ ಮುದುಕರೆಲ್ಲ ಮನೆಯಿಂದ ಎದ್ದು ಹೊಳೆಯ ಮರಳಿಗೆ ಹೋಗಿ ಕೂರುತ್ತಿದ್ದರಂತೆ. ಯಾರೂ ಹೋಗಿ ಅಂದಿರಲಿಲ್ಲ. ವಾಸನೆ ತಡೆಯಲಾಗದೆ ಹೋಗುತ್ತಿದ್ದರು. ಅವರಿಗೆ ಗಡ್ಡೆ ಇತ್ತು, ಹುಣಸೆ ಬೀಜ ಇತ್ತು. ಅಗೆಯಲು ದೂರ ದೂರ ಹೋಗಬೇಕಾಗಿ ಗಡ್ಡೆಯೂ ಕಡಿಮೆಯಾಯಿತು. ಮೊಮ್ಮಕ್ಕಳು ಅರ್ಧ ತುಂಡು ಮುಷ್ಟಿಯಲ್ಲಿ ಮುಚ್ಚಿಕೊಂಡು ಮರಳಿಗೆ ಓಡಿಬರುತ್ತಿದ್ದವು. ಕೊಟ್ಟರೆ ಬೇಡ ಅನ್ನುವುದು ಮೊದಮೊದಲು ಸುಲಭವಿತ್ತು. ಆಮೇಲೆ ಸುಲಭವಿರಲಿಲ್ಲ.

ಒಂದು ಸಂಜೆ ಅಲ್ಲಿ ಅಂಬಣ್ಣ ಮಾತು ತೆಗೆದ. ಹೊಳೆ ಎಲ್ಲಿ ನಿಂತುಬಿಟ್ಟಿದೆ, ಹೋಗಿ ನೋಡಿ ಬರೋಣವೇ ಅಂದ. ಎಲ್ಲರಿಗೂ ಅರ್ಥವಾಯಿತು. ಮೊಣಕಾಲು ಹಿಡಿದುಕೊಂಡು ಎದ್ದು ನಿಂತವರು ಹನ್ನೆರಡು ಮಂದಿ, ಅಂಬಣ್ಣನೂ ಸೇರಿ, ನಿಂಗವ್ವನೂ ಸೇರಿ. ಕೆಂಚವ್ವ ಏಳಲಿಲ್ಲ. ನಿಮಗೆ ಹುಚ್ಚು ಅಂದಳು.

ಬೆಳಗಾಗುತ್ತಲೇ ಹೊರಟರು. ಒಣ ಹೊಳೆಯ ನಡುವೆ, ನೀರು ಬರಬೇಕಾದ ದಿಕ್ಕಿಗೆ. ಮಕ್ಕಳೆಲ್ಲ ಮಲಗಿದ್ದವು. ಮೈಲಾರಪ್ಪ ತಾಯಿಯ ಕಾಲು ಹಿಡಿದು, ಎದ್ದ ಮೇಲೆ ಮುಖ ತಿರುಗಿಸಿ ನಿಂತ. ನಿಂಗವ್ವ ಸೊಸೆಗೆ, ಆ ಗಡಿಗೆಯ ಬಾಯಿ ಬಿರಿದಿದೆ, ತುಂಬ ನೀರು ಹೊರಬೇಡ, ಬಸುರಿ ಅಂತ ಹೇಳಿದಳು. ದುರುಗಿಗೆ ತಲೆ ಬಾಚುವಾಗ ಎಳೆಯಬೇಡ ಅಂದಳು. ಸ್ವಲ್ಪ ದೂರ ಹೋದವಳು ತಿರುಗಿ ಬಂದಳು. ಅಲ್ಲಿ ಮಣೆ ಇರಲಿಲ್ಲ. ಆದರೂ ಸೊಸೆಯ ಹೊಟ್ಟೆ ನೋಡಿ ಹೇಳಿದಳಂತೆ.

“ಬರ್ತೀವ್ರಿ.”

ಊರಿನಲ್ಲಿ ಉಳಿದ ಮುದುಕಿ ಒಬ್ಬಳೇ. ಕೆಂಚವ್ವನನ್ನು ಯಾರೂ ಹೋಗು ಅನ್ನಲಿಲ್ಲ. ಯಾರೂ ಮೀನನ್ನೂ ಕೊಡಲಿಲ್ಲ. ಅವಳು ಹೊಸ್ತಿಲ ಮೇಲೆ ಕೂತಿರುತ್ತಿದ್ದಳು. ನೀರಿಗೆ ಹೋಗುವ ಹೆಂಗಸರು ಆ ಬೀದಿ ಬಿಟ್ಟು ಹಿಂದಿನ ಓಣಿ ಹಿಡಿದರು. ದ್ಯಾವಣ್ಣ ತನ್ನ ಪಾಲಿನಲ್ಲಿ ಅರ್ಧ ತಾಯಿಗೆ ಕೊಡುತ್ತಿದ್ದ. ಒಂದು ದಿನ ಅವನ ಪಾಲು ಸಾಲದೆ ಮಗುವಿನ ಪಾಲಿಗೆ ಕೈ ಹಾಕಿದ. ಹೆಂಡತಿ ಕೈ ಹಿಡಿದಳು. ಗಟ್ಟಿಯಾಗಿ ಏನೂ ಅನ್ನಲಿಲ್ಲ, ಇದು ಕೂಸಿನದು ಅಂದಳು, ಅಷ್ಟೇ. ಹೊಸ್ತಿಲಿಗೆ ಕೇಳುವಷ್ಟು ಗಟ್ಟಿಯಾಗಿತ್ತು.

ಅವತ್ತು ಮಧ್ಯಾಹ್ನ ಹುಲಿಗೆವ್ವ ಮಡುವಿನಲ್ಲಿ ನೀರು ತುಂಬುತ್ತಿದ್ದಳು. ತಲೆ ಎತ್ತಿ ನೋಡಿದರೆ ಕೆಂಚವ್ವ ಒಣ ಹೊಳೆಯಲ್ಲಿ ನಡೆಯುತ್ತಿದ್ದಳು. ಹನ್ನೆರಡು ಮಂದಿಯ ಹೆಜ್ಜೆ ಮರಳಿನಲ್ಲಿ ಇನ್ನೂ ಅಳಿಸಿರಲಿಲ್ಲ. ಅವುಗಳ ಮೇಲೇ ಕಾಲಿಟ್ಟುಕೊಂಡು ಹೋಗುತ್ತಿದ್ದಳು. ಆಗಾಗ ನಿಲ್ಲುತ್ತಿದ್ದಳು. ನಿಂತಾಗ ಒಮ್ಮೆ ಊರಿನ ಕಡೆ ತಿರುಗಿದಳು. ಯಾರಾದರೂ ಕರೆಯುತ್ತಾರಾ ಅಂತ ನೋಡಿದಳೋ, ಸುಮ್ಮನೆ ಉಸಿರು ತೆಗೆದುಕೊಂಡಳೋ ಹೇಳುವುದು ಕಷ್ಟ.

ಹುಲಿಗೆವ್ವ ಕೂಗಿದ್ದರೆ ಕೇಳುತ್ತಿತ್ತು. ಅಷ್ಟೇ ದೂರ. ಕರೆದರೆ ಏನು ಕೊಡುವುದು ಅಂತ ಯೋಚಿಸಿದಳು. ತನ್ನ ಪಾಲು ಕೊಡಬಹುದಿತ್ತು, ಅದು ಹೊಟ್ಟೆಯಲ್ಲಿರುವವರದು. ದುರುಗಿಯ ಪಾಲು ಕೊಡಬಹುದಿತ್ತು. ಯೋಚಿಸುತ್ತಿದ್ದ ಹಾಗೆ ಕೆಂಚವ್ವ ತಿರುವು ದಾಟಿದಳು. ಹುಲಿಗೆವ್ವ ಗಡಿಗೆ ಎತ್ತಿಕೊಂಡು ಮನೆಗೆ ಬಂದಳು.

ಒಣಗಿಸಿಟ್ಟ ಮೀನು ಮುಗಿಯುವ ಹೊತ್ತಿಗೆ ಹೊಳೆ ಬಂತಂತೆ. ಮೊದಲು ನೊರೆ, ಕಸ, ಒಣ ಎಲೆ. ಆಮೇಲೆ ಕೆಂಪು ನೀರು. ಮಡು ತುಂಬಿತು. ಕೆಳಗಿದ್ದ ಮೀನುಗಳು ಹೊರಬಿದ್ದು ನೀರಿನ ಎದುರು ಈಜಿದವು. ಹೋದವರು ಹೊಳೆಯನ್ನು ಬಿಡಿಸಿ ಕಳಿಸಿದರು ಅಂತ ಕೆಲವರು ಹೇಳಿದರು. ಮಳೆ ಬಂತು, ಹೊಳೆ ಬಂತು ಅಂತ ಕೆಲವರು ಹೇಳಿದರು. ಹೋದವರು ತಿರುಗಿ ಬರಲಿಲ್ಲ. ಬಂದ ನೀರಿನಲ್ಲಿ ಏನಾದರೂ ತೇಲಿ ಬರಬಹುದು ಅಂತ ಗಂಡಸರು ದಡದಲ್ಲಿ ಕಾದರು. ಏನೂ ಬರಲಿಲ್ಲ.

ಹುಲಿಗೆವ್ವ ಗಂಡು ಹಡೆದಳು. ಕೂಸು ಸಣ್ಣದಿತ್ತು, ಆದರೆ ಉಳಿಯಿತು. ದುರುಗಿಯೂ ಉಳಿದಳು, ಬೆಳೆದಳು. ಮುಂದಿನ ವರ್ಷ ಬೊಗಸೆ ಅದ್ದಿದರೆ ಬೊಗಸೆಯಲ್ಲಿ ಮರಿ. ಆಚೆ ಊರಿನವರು ಜೋಳ ಹೊತ್ತು ತಾವಾಗಿಯೇ ಬಂದರು. ಕಲ್ಮಡುವಿನಲ್ಲಿ ಎಲ್ಲರಿಗೂ ಊಟ ಆಯಿತು. ಜಗಲಿಗಳಲ್ಲಿ ಮಾತ್ರ ಯಾರೂ ಇರಲಿಲ್ಲ. ರಾತ್ರಿ ಮಕ್ಕಳು ಕಥೆ ಹೇಳಿ ಅಂದರೆ ಹೇಳಲು ಯಾರಿಗೂ ಪೂರ್ತಿ ಬರುತ್ತಿರಲಿಲ್ಲವಂತೆ. ಬಲೆಯ ಒಂದು ಗಂಟು ಹಾಕುವುದು ಹೇಗೆ ಅಂತ ಮರೆತುಹೋಗಿತ್ತು. ಕೇಳೋಣ ಅಂದರೆ ಯಾರನ್ನು ಕೇಳುವುದು?

ದ್ಯಾವಣ್ಣ ಮತ್ತೆಂದೂ ಮೈಲಾರಪ್ಪನ ಹರಿಗೋಲು ಹತ್ತಲಿಲ್ಲ. ಜಗಳ ಆಡಲಿಲ್ಲ, ಹತ್ತಲಿಲ್ಲ. ಹುಲಿಗೆವ್ವ ಆಮೇಲೆ ಎರಡು ಸಲ ಬಸುರಾದಳು. ಎರಡು ಸಲವೂ ಮಣೆಯ ಮೇಲೆ ಕೂರಲು ಒಪ್ಪಲಿಲ್ಲ. ಯಾರೂ ಒತ್ತಾಯ ಮಾಡಲಿಲ್ಲ.

ಹೊಳೆ ಬಂದು ವರ್ಷವಾದ ದಿನ, ಮೊದಲ ಬಲೆ ಹಾಕುವ ಮುಂಚೆ, ಹೋದವರಿಗೆ ಎಡೆ ಇಡಬೇಕು ಅಂತ ಊರು ಮಾತಾಡಿಕೊಂಡಿತು. ದಡದಲ್ಲಿ ಮುತ್ತುಗದ ಎಲೆ ಹಾಸಿದರು. ಅನ್ನ, ಮೀನಿನ ಸಾರು, ಒಂದೊಂದು ತುಂಡು. ಎಷ್ಟು ಎಲೆ ಅನ್ನುವಲ್ಲಿ ಮಾತು ಬಂತು. ಹೊಸ ಯಜಮಾನ ಹನ್ನೆರಡು ಅಂದ. ಕೆಂಚವ್ವ ಊರಿಗಾಗಿ ಹೋದವಳಲ್ಲ, ಹೋಗಲು ಮನಸ್ಸಿಲ್ಲದೆ ಹೋದವಳು, ಅವಳಿಗೆ ಮನೆಯಲ್ಲಿ ಇಟ್ಟುಕೊಳ್ಳಲಿ ಅಂದ. ದ್ಯಾವಣ್ಣ ಅಲ್ಲೇ ಇದ್ದ.

ಹುಲಿಗೆವ್ವ ಕೂಸನ್ನು ಗಂಡನ ಕೈಗೆ ಕೊಟ್ಟಳಂತೆ. ಮುತ್ತುಗದ ಗಿಡದಿಂದ ಎಲೆ ಕಿತ್ತು ತಂದಳು. ಸಾಲಿನ ಕೊನೆಯಲ್ಲಲ್ಲ, ಮೊದಲಿಗೆ ಹಾಸಿದಳು. ಗಡಿಗೆಯಲ್ಲಿದ್ದ ದೊಡ್ಡ ತುಂಡು ಹುಡುಕಿ ಅದರ ಮೇಲೆ ಇಟ್ಟಳು. ಇಟ್ಟು, ಹೊಟ್ಟೆ ತುಂಬ ಉಣ್ಣು ಕೆಂಚವ್ವ ಅಂದಳು. ಉಳಿದವರು ಕೈ ಮುಗಿದರು.

ಕಥೆ ಹೊಳೆಯ ಪಾಲಾಯಿತು, ಕೇಳಿದವರು ದಡಕ್ಕೆ ಬಂದರು. ಆ ದಡದಲ್ಲಿ ಈಗಲೂ ವರ್ಷಕ್ಕೊಮ್ಮೆ ಎಡೆ ಇಡುತ್ತಾರಂತೆ. ಎಲೆ ಹದಿಮೂರು.